ಪುಲಿ ಎಂದ ಮಗು, ಹುಲಿ ಎಂದ ಶಾಲೆ

ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು, ಸಂತೆಯಲ್ಲಿ ತಮಿಳು. ಕೋಲಾರ ಸೀಮೆಯ ಮಗು ಇಷ್ಟನ್ನೂ ಕಿವಿಯಲ್ಲಿ ತುಂಬಿಕೊಂಡು ಒಂದನೇ ತರಗತಿಯ ಬಾಗಿಲಿಗೆ ಬರುತ್ತದೆ. ಅಲ್ಲಿ ಅದರ ಅರ್ಧ ಮಾತಿಗೆ ಲೆಕ್ಕವೇ ಇಲ್ಲ!

ಜೂನ್ ಮೊದಲ ವಾರ. ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆ ಹೋಗುವ ರಸ್ತೆಯಲ್ಲಿ ಮಾವು ತುಂಬಿದ ಟ್ರ್ಯಾಕ್ಟರುಗಳ ಸಾಲು. ರಸ್ತೆಯಂಚಿನ ಊರಿನ ಅಂಗನವಾಡಿಯಲ್ಲಿ ಮಕ್ಕಳು ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದಾರೆ. ಗೋಡೆಯ ಮೇಲೆ ಬಣ್ಣದ ಅಕ್ಷರಮಾಲೆ, ಮೂಲೆಯಲ್ಲಿ ತೂಕದ ಯಂತ್ರ, ಒಳಗೆ ಸಹಾಯಕಿ ಹಾಲಿನ ಪುಡಿ ಕದಡುತ್ತಿರುವ ಸದ್ದು. ಟೀಚರ್ ಒಂದು ಚಿತ್ರ ಎತ್ತಿ ಹಿಡಿಯುತ್ತಾರೆ. ಹಳದಿ ಮೈ, ಕಪ್ಪು ಪಟ್ಟೆ.

‘ಪುಲಿ!’ ಮುಂದಿನ ಸಾಲಿನ ಹುಡುಗ ಎದ್ದೇ ನಿಂತ.

‘ಪುಲಿ ಅಲ್ಲ ಕಣೋ, ಹುಲಿ ಅನ್ನು.’

ಮುಂದಿನ ಚಿತ್ರ. ಕೆಂಪು ಜುಟ್ಟು, ಎರಡು ಕಾಲು. ‘ಕೋಡಿ!’

‘ಕೋಳಿ ಅನ್ನಬೇಕು.’

ಮೂರನೆಯದು ಹೆಂಚಿನ ಮನೆ. ಹುಡುಗನ ನಾಲಿಗೆಯ ತುದಿಯಲ್ಲಿ ‘ಇಲ್ಲು’ ಇದೆ. ಆದರೆ ಅವನು ಪಕ್ಕದವಳ ಮುಖ ನೋಡುತ್ತಾನೆ. ಅವಳು ‘ಮನೆ’ ಎಂದಮೇಲೆ ತಾನೂ ಮೆಲ್ಲಗೆ ‘ಮನೆ’ ಎನ್ನುತ್ತಾನೆ. ನಾಲ್ಕನೆಯ ಚಿತ್ರಕ್ಕೆ ಅವನು ಏಳುವುದಿಲ್ಲ.

ಇದು ಒಂದು ಊರಿನ, ಒಬ್ಬ ಟೀಚರ್‌ನ ಕಥೆಯಲ್ಲ. ಗಡಿ ತಾಲ್ಲೂಕುಗಳ ಅಂಗನವಾಡಿಗಳಲ್ಲಿ ಪ್ರತಿ ವರ್ಷ ಈ ಹೊತ್ತಿನಲ್ಲಿ ಹೀಗೇ ನಡೆಯುತ್ತದೆ. ಆ ಹುಡುಗನಿಗೆ ಮೂರೂ ಗೊತ್ತಿತ್ತು. ಕನ್ನಡದ ಪದಗಳನ್ನಷ್ಟೇ ಎಣಿಸಿದರೆ ಅವನಿಗೆ ಸಿಕ್ಕಿದ್ದು ಸೊನ್ನೆ. ಮಂಡಿಗೆ ಎರಡು ಕ್ರೇಟ್ ಹಣ್ಣು ತಂದ ರೈತನಿಗೆ ಒಂದನ್ನೇ ತೂಗಿ ದುಡ್ಡು ಕೊಟ್ಟರೆ ಆತ ಸುಮ್ಮನಿರುವುದಿಲ್ಲ. ಐದು ವರ್ಷದ ಮಗು ಸುಮ್ಮನಾಗಿಬಿಡುತ್ತದೆ. ನಾವು ಅದನ್ನು ‘ಮಾತು ಕಡಿಮೆ’, ‘ಇನ್ನೂ ರೆಡಿ ಇಲ್ಲ’ ಎಂದು ಬರೆದುಕೊಳ್ಳುತ್ತೇವೆ.

ಬಸ್ಸಿನ ಬೋರ್ಡು ಹೇಳುವ ಕಥೆ

ಈ ಜಿಲ್ಲೆಯ ಭಾಷೆಗಳ ನಕ್ಷೆ ಬೇಕಾದರೆ ಬಸ್ ನಿಲ್ದಾಣದಲ್ಲಿ ನಿಂತು ಬೋರ್ಡು ಓದಿದರೂ ಆಯಿತು. ಮಾಲೂರಿನ ಕಡೆ ಊರುಗಳು ‘ಹಳ್ಳಿ’ ಎಂದು ಮುಗಿಯುತ್ತವೆ. ಶ್ರೀನಿವಾಸಪುರ ದಾಟಿ ಗೌನಿಪಲ್ಲಿಯ ದಿಕ್ಕಿಗೆ ಹೊರಟರೆ ‘ಪಲ್ಲಿ’ಗಳು ಶುರುವಾಗುತ್ತವೆ. ಮುಳಬಾಗಿಲಿನ ನಂಗಲಿ ದಾಟಿದರೆ ಆಂಧ್ರದ ಪಲಮನೇರು, ರಾಯಲ್ಪಾಡು ದಾಟಿದರೆ ಮದನಪಲ್ಲಿ. ಮಾಸ್ತಿಯಿಂದ ತಮಿಳುನಾಡಿನ ಹೊಸೂರು ದೂರವಿಲ್ಲ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳಲ್ಲಿ ದಖನಿ ಉರ್ದು ಮನೆಮಾತಾಗಿರುವ ಓಣಿಗಳಿಗೆ ಲೆಕ್ಕವಿಲ್ಲ. ಇತ್ತ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳು, ಇಟ್ಟಿಗೆ ಗೂಡುಗಳು ದೂರದ ರಾಜ್ಯಗಳ ಸಂಸಾರಗಳನ್ನೂ ಕರೆತಂದಿವೆ.

ಇಲ್ಲಿ ಎರಡು ಭಾಷೆ ಆಡುವುದು ವಿಶೇಷವೇ ಅಲ್ಲ. 2007ರವರೆಗೆ ಕೋಲಾರ ಜಿಲ್ಲೆಯೊಳಗೇ ಇದ್ದ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದದ್ದು ಅವರ ಕನ್ನಡಕ್ಕೆ. ಮನೆಯ ಮಾತು ಶಾಲೆಯ ಮಾತಿಗೆ ಅಡ್ಡ ಬರುತ್ತದೆ ಎನ್ನುವವರು ಈ ಜಿಲ್ಲೆಯಲ್ಲಿ ನಿಂತು ಹಾಗೆ ಹೇಳುವುದು ಕಷ್ಟ.

ಆದರೂ ಹೇಳುತ್ತಾರೆ. ‘ಮನೇಲಿ ತೆಲುಗು ಮಾತಾಡೋದು ಬಿಡಿ, ಮಗು ಕನ್ಫ್ಯೂಸ್ ಆಗುತ್ತೆ’ ಎಂಬ ಸಲಹೆ ಎಷ್ಟು ತಾಯಂದಿರ ಕಿವಿಗೆ ಬಿದ್ದಿದೆಯೋ! ಈ ಸಲಹೆಗೆ ನೂರು ವರ್ಷದ ವಯಸ್ಸಿದೆ. 1923ರಲ್ಲಿ ಡಿ.ಜೆ. ಸೇರ್ ಎಂಬ ಸಂಶೋಧಕ ಬ್ರಿಟನ್ನಿನ ವೇಲ್ಸ್ ಹಳ್ಳಿಗಳ ಮಕ್ಕಳನ್ನು ಪರೀಕ್ಷಿಸಿ, ಎರಡು ಭಾಷೆಯವರು ಬುದ್ಧಿಯಲ್ಲಿ ಹಿಂದೆ ಎಂದು ಬರೆದ. ನಾಲ್ಕು ದಶಕ ಇಂಥದೇ ಮಾತು ನಡೆಯಿತು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳ ಮನೆಯ ಸ್ಥಿತಿಗತಿಗಳನ್ನು ಸರಿಹೊಂದಿಸಿ ಹೋಲಿಸಿದಾಗ ಚಿತ್ರ ತಿರುಗಿತು: ಫ್ರೆಂಚ್, ಇಂಗ್ಲಿಷ್ ಎರಡನ್ನೂ ಬಲ್ಲ ಮಕ್ಕಳೇ ಮುಂದಿದ್ದರು. ಸಂಶೋಧನೆ ಅಲ್ಲಿಂದ ಬಹಳ ದೂರ ಬಂದಿದೆ. ಸಲಹೆ ಮಾತ್ರ 1923ರಲ್ಲೇ ನಿಂತಿದೆ.

ಪದ ಹುಟ್ಟುವ ಬಗೆ

ಮಗು ಮಾತು ಕಲಿಯುವುದು ಮಾತಾಡಲು ತೊಡಗಿದ ದಿನದಿಂದ ಅಲ್ಲ. 1984ರಲ್ಲಿ ಜಾನೆಟ್ ವರ್ಕರ್ ಎಂಬ ಮನೋವಿಜ್ಞಾನಿ ಕೆನಡಾದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಹಸುಗೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ದೊಡ್ಡವರಿಗೆ ಗೊತ್ತಾಗದ ಆ ವ್ಯತ್ಯಾಸ ಆರರಿಂದ ಎಂಟು ತಿಂಗಳ ಕೂಸುಗಳಿಗೆ ಗೊತ್ತಾಗುತ್ತಿತ್ತು! ವರ್ಷ ತುಂಬುವ ಹೊತ್ತಿಗೆ, ಸುತ್ತಲಿನವರು ಬಳಸದ ಆ ವ್ಯತ್ಯಾಸವನ್ನು ಕಿವಿ ಬಿಟ್ಟುಕೊಟ್ಟಿತ್ತು. ಹುಟ್ಟುವಾಗ ಎಲ್ಲ ಭಾಷೆಗಳಿಗೂ ತೆರೆದ ಕಿವಿ, ಸುತ್ತ ಕೇಳಿದ್ದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮುಳಬಾಗಿಲಿನ ಕೂಸಿನ ಸುತ್ತ ಎರಡು ಮೂರು ಭಾಷೆ ಇದ್ದರೆ ಅದು ಅಷ್ಟನ್ನೂ ಉಳಿಸಿಕೊಳ್ಳುತ್ತದೆ.

ಒಂದು ವರ್ಷದ ಆಸುಪಾಸಿಗೆ ಮೊದಲ ಪದ. ಒಂದೂವರೆ ವರ್ಷಕ್ಕೆ ಸಾಮಾನ್ಯವಾಗಿ ಐವತ್ತರ ಹತ್ತಿರ. ಅಲ್ಲಿಂದ ಓಟ. ಶಾಲೆಗೆ ಸೇರುವ ಹೊತ್ತಿಗೆ ಮಗುವಿಗೆ ಅರ್ಥವಾಗುವ ಪದಗಳು ಸಾವಿರಗಳಲ್ಲಿರುತ್ತವೆ. ಯಾರೂ ಕೂರಿಸಿ ಕಲಿಸಿದ್ದಲ್ಲ. 1978ರಲ್ಲಿ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್‌ಲೆಟ್ ಮೂರು, ನಾಲ್ಕು ವರ್ಷದ ಮಕ್ಕಳಿಗೆ ಒಂದು ವಿಚಿತ್ರ ಬಣ್ಣದ ಹೆಸರನ್ನು ಮಾತಿನ ನಡುವೆ ಒಮ್ಮೆ ಹೇಳಿ ಒಂದು ತಟ್ಟೆ ತರಿಸಿದರು. ಹೆಸರು ವಿವರಿಸಲಿಲ್ಲ, ಉರು ಹೊಡೆಸಲಿಲ್ಲ. ದಿನಗಳ ನಂತರ ವಿಚಾರಿಸಿದಾಗ ಹಲವು ಮಕ್ಕಳ ತಲೆಯಲ್ಲಿ ಅದರ ಗುರುತು ಕೂತಿತ್ತು. ಕೆಲಸದ ನಡುವೆ, ಬೇಕಾದ ಹೊತ್ತಿಗೆ ಬಿದ್ದ ಪದ ನೆಲಕ್ಕೆ ಬೀಳುವುದಿಲ್ಲ.

ಶ್ರೀನಿವಾಸಪುರದ ಮಗುವನ್ನು ತೋಪಿನಲ್ಲಿ ಮಾತಾಡಿಸಿ ನೋಡಿ. ಬಾದಾಮಿ, ರಸಪುರಿ, ತೋತಾಪುರಿ, ಬೇನಿಷಾ, ನೀಲಂ, ಮಲ್ಲಿಕಾ. ಬಣ್ಣ, ಮೂತಿ, ವಾಸನೆ ನೋಡಿ ಹೆಸರು ಹೇಳುತ್ತದೆ. ರೇಷ್ಮೆ ಸಾಕುವ ಮನೆಯ ಮಗುವಿಗೆ ಹಿಪ್ಪುನೇರಳೆ ಗೊತ್ತು, ಚಂದ್ರಿಕೆ ಗೊತ್ತು. ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ನಿಂತರೆ ‘ಜ್ವರ’ಕ್ಕೆ ಕೂತಿದೆ ಎಂದು ಗೊತ್ತು, ‘ಹಣ್ಣಾದ’ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು ಎಂದೂ ಗೊತ್ತು. ಇದು ಬರಿಯ ಪದಗಳ ಪಟ್ಟಿಯಲ್ಲ. ವಿಂಗಡಿಸುವುದು, ಹೋಲಿಸುವುದು, ಮುಂದೇನಾಗುತ್ತದೆ ಎಂದು ಊಹಿಸುವುದು, ಶಾಲೆಗೆ ಬೇಕಾದ ಬುದ್ಧಿಯೆಲ್ಲ ಇದರೊಳಗೇ ಇದೆ. ನನಗೆ ನೋವಾಗುವುದು ಇಲ್ಲಿಯೇ. ಇಷ್ಟು ಬಲ್ಲ ಮಗುವಿಗೆ ನಾವು ಕೇಳುವ ಮೊದಲ ಪ್ರಶ್ನೆ, ‘ಇದು ಏನು? ಆಪಲ್ ಅನ್ನು!’

■ ಎರಡು ಭಾಷೆ, ಒಂದು ಲೆಕ್ಕ

1993ರಲ್ಲಿ ಅಮೆರಿಕದ ಮಯಾಮಿಯಲ್ಲಿ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು 8ರಿಂದ 30 ತಿಂಗಳ ಮಕ್ಕಳ ಪದಗಳನ್ನು ಎಣಿಸಿದರು. ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಕೇಳಿ ಬೆಳೆದ ಮಕ್ಕಳ ಎರಡೂ ಭಾಷೆಯ ಪದಗಳನ್ನು ಕೂಡಿ ನೋಡಿದಾಗ, ಒಂದೇ ಭಾಷೆಯ ಮಕ್ಕಳಿಗಿಂತ ಅವರು ಹಿಂದೆ ಇರಲಿಲ್ಲ. ಒಂದು ಭಾಷೆಯನ್ನಷ್ಟೇ ಎಣಿಸಿದರೆ ಕಡಿಮೆ ಕಾಣುವುದು ಸಹಜ. ಅಡುಗೆಮನೆಯ ಪದಗಳು ಒಂದರಲ್ಲಿ, ಬೀದಿಯ ಪದಗಳು ಇನ್ನೊಂದರಲ್ಲಿ ಇರುತ್ತವೆ. ಮಗು ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸುವುದು ಗೊಂದಲದ ಗುರುತಲ್ಲ. ಸುತ್ತಲಿನ ದೊಡ್ಡವರೂ ಹಾಗೇ ಮಾತಾಡುತ್ತಾರೆ.

ಪಕಾರ ಹಕಾರವಾದಾಗ

ಮತ್ತೆ ಆ ‘ಪುಲಿ’ಗೆ ಬರೋಣ. ಪುಲಿ ಹುಲಿಯಾಯಿತು. ಪಾಲು ಹಾಲು. ಪಾಮು ಹಾವು. ಪಂದಿ ಹಂದಿ. ಪುವ್ವು ಹೂವು. ಪಂಡು ಹಣ್ಣು. ಪೇನು ಹೇನು. ಊರ ಹೆಸರಿನ ಪಲ್ಲಿ ಹಳ್ಳಿ. ತೆಲುಗಿನಲ್ಲಿ ಪದದ ಮೊದಲಲ್ಲಿ ‘ಪ’ ಇದ್ದರೆ ಕನ್ನಡದಲ್ಲಿ ಬಹಳ ಸಲ ಅಲ್ಲಿ ‘ಹ’ ಇರುತ್ತದೆ. ಮಾಲೂರಿನ ತಮಿಳು ಮನೆಯ ಮಗುವಿಗೂ ಇದೇ ಸೂತ್ರ ನಡೆಯುತ್ತದೆ. ಅಲ್ಲೂ ಪುಲಿ, ಪಾಲ್, ಪಾಂಬು.

ಇದರ ಹಿಂದಿನ ಕಾರಣ ಕನ್ನಡ ಮೇಷ್ಟ್ರುಗಳಿಗೆಲ್ಲ ಗೊತ್ತು. ಹಳಗನ್ನಡದಲ್ಲೂ ಅದು ಪುಲಿ, ಪಾಲ್, ಪಾವು, ಪೂ. ಪಂಪನ ಕಾಲದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು. ತೆಲುಗು, ತಮಿಳು ಹಳೆಯದನ್ನೇ ಉಳಿಸಿಕೊಂಡವು. ಅಂಗನವಾಡಿಯಲ್ಲಿ ‘ಪುಲಿ’ ಎಂದು ಎದ್ದು ನಿಂತ ಹುಡುಗ ಕನ್ನಡದಿಂದ ದೂರದಲ್ಲಿರಲಿಲ್ಲ, ಒಂದು ಅಕ್ಷರದಷ್ಟು ಹತ್ತಿರದಲ್ಲಿದ್ದ.

ಇದನ್ನು ಆಟ ಮಾಡಬಹುದು. ‘ನೀವು ಮನೇಲಿ ಪುಲಿ ಅಂತೀರ, ನಾವಿಲ್ಲಿ ಹುಲಿ ಅಂತೀವಿ. ಹಾಗಾದ್ರೆ ಪಾಲು ಏನಾಗುತ್ತೆ?’ ಐದು ವರ್ಷದ ಮಗು ಈ ಗುಟ್ಟನ್ನು ಹಿಡಿಯುವ ವೇಗ ಬೆರಗು ಹುಟ್ಟಿಸುತ್ತದೆ. ಸುಳ್ಳು ಜೋಡಿಗಳೂ ಸಿಗುತ್ತವೆ. ತೆಲುಗಿನ ಕೋಡಿ ಕೋಳಿ, ಕನ್ನಡದ ಕೋಡಿ ಕೆರೆಯದು. ಕೆರೆ ತುಂಬಿ ಕೋಡಿ ಹೋಯಿತು ಎಂದರೆ ಕೋಳಿ ಎಲ್ಲಿ ಹೋಯಿತು ಎಂದು ಮಕ್ಕಳು ನಗುತ್ತಾರೆ. ಆ ನಗುವಿನಲ್ಲಿ ಎರಡೂ ಪದ ಗಟ್ಟಿಯಾಗುತ್ತವೆ. ಭಾಷೆಯನ್ನು ಬಳಸುವುದರ ಜತೆಗೆ ಭಾಷೆಯನ್ನೇ ಕೈಗೆತ್ತಿಕೊಂಡು ನೋಡುವ ಈ ಬುದ್ಧಿ ಓದು ಕಲಿಯಲು ಬಹಳ ಬೇಕಾದದ್ದು. ಒಡಿಶಾದ ಕೊಂಧ ಸಮುದಾಯದಲ್ಲಿ ದಶಕಗಳ ಕಾಲ ದುಡಿದ ಅಜಿತ್ ಮೊಹಾಂತಿಯವರು ಕಂಡದ್ದೂ ಇದನ್ನೇ. ಕುಯಿ ಮತ್ತು ಒಡಿಯಾ ಎರಡನ್ನೂ ಆಡುವ ಮಕ್ಕಳು, ಕುಯಿ ಬಿಟ್ಟು ಒಡಿಯಾ ಒಂದನ್ನೇ ಆಡುವ ತಮ್ಮದೇ ಸಮುದಾಯದ ಮಕ್ಕಳಿಗಿಂತ ಈ ಬಗೆಯ ಅರಿವಿನಲ್ಲಿ ಮುಂದಿದ್ದರು.

ಉರ್ದು ಮನೆಯ ಮಗುವಿಗೆ ಈ ಪ-ಹ ಸೇತುವೆ ಇಲ್ಲ. ಅದಕ್ಕೆ ಬೇರೆ ದಾರಿ ಇದೆ. ಹಾಜರಿ, ರಜೆ, ಕುರ್ಚಿ, ಕಾಗದ, ಖಾಲಿ, ಗುಲಾಬಿ. ಶಾಲೆಯ ಮೊದಲ ವಾರದಲ್ಲೇ ಕಿವಿಗೆ ಬೀಳುವ ಎಷ್ಟೋ ಕನ್ನಡ ಪದಗಳು ಅದರ ಮನೆಯವೇ. ಯಾರಾದರೂ ಅದಕ್ಕೆ ಹಾಗೆಂದು ಹೇಳಬೇಕು, ಅಷ್ಟೆ.

ಎಣಿಕೆಯದೂ ಇದೇ ಕಥೆ. ತೆಲುಗು ಮನೆಯ ಮಗು ಒಕಟಿ, ರೆಂಡು, ಮೂಡು, ನಾಲುಗು ಎನ್ನುತ್ತದೆ. ಐದು, ಆರಕ್ಕೆ ಬಂದರೆ ಎರಡು ಭಾಷೆಯೂ ಒಂದೇ. ಮತ್ತೆ ಏಡು, ಎನಿಮಿದಿ, ತೊಮ್ಮಿದಿ, ಪದಿ. ಹತ್ತು ಮಾವಿನಕಾಯಿಯನ್ನು ಒಂದೊಂದಾಗಿ ಮುಟ್ಟಿ ಸರಿಯಾಗಿ ‘ಪದಿ’ ಎಂದು ನಿಲ್ಲಿಸುವ ಮಗುವಿಗೆ ಸಂಖ್ಯೆ ಬಂದಿದೆ. ಕನ್ನಡದ ಹೆಸರು ಕಲಿಯಲು ಕೆಲವು ದಿನ ಸಾಕು. ಒಂದರಿಂದ ಹತ್ತು ಗಟ್ಟಿಯಾಗಿ ಒಪ್ಪಿಸಿ, ಕಾಯಿ ಮುಂದಿಟ್ಟರೆ ತಡವರಿಸುವ ಮಗುವಿಗೆ ಸಂಖ್ಯೆ ಬರಬೇಕಾಗಿದೆ. ಸಿದ್ಧತೆ ಅಳೆಯುವ ಹೊತ್ತಿಗೆ ಎರಡನೆಯ ಮಗುವಿಗೆ ಪೂರ್ತಿ ಅಂಕ, ಮೊದಲನೆಯದಕ್ಕೆ ಇಲ್ಲ. ಇದು ನ್ಯಾಯವಲ್ಲ.

ಓದಿದ, ಆದರೆ ಅರ್ಥವಾಗಲಿಲ್ಲ

ಒಂದನೇ ತರಗತಿ. ನಮ್ಮ ಸರ್ಕಾರಿ ಶಾಲೆಯ ಮಗು ಅ ಆ ಇ ಈ ಎಂದು ಆರಂಭಿಸುವುದಿಲ್ಲ. ‘ರ ಗ ಸ ದ ಅ’ ಎಂದು ಆರಂಭಿಸುತ್ತದೆ. ಬರೆಯಲು ಸುಲಭವಾದ, ಬೇಗ ಪದವಾಗುವ ಅಕ್ಷರಗಳು. ಐದು ಅಕ್ಷರ ಕಲಿತ ಕೂಡಲೇ ಸರ, ಅರಸ, ಅಗಸ, ಗರಗಸ ಎಂದು ಓದಬಹುದು. ಬಹಳ ಒಳ್ಳೆಯ ಕ್ರಮ. ಕನ್ನಡ ಮನೆಯ ಮಗುವಿಗೆ ಓದಿದ ಕೂಡಲೇ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ. ಅಕ್ಷರ ಕಲಿಯುವ ಸುಖ ಇರುವುದೇ ಆ ಚಿತ್ರದಲ್ಲಿ.

ಗೌನಿಪಲ್ಲಿಯ ಕಡೆಯ ಮಗುವೂ ಅ-ಗ-ಸ ಎಂದು ತಪ್ಪಿಲ್ಲದೆ ಓದುತ್ತದೆ. ಆದರೆ ಅದರ ಮನೆಯಲ್ಲಿ ಬಟ್ಟೆ ಒಗೆಯುವವನ ಹೆಸರು ಚಾಕಲಿ. ಅಗಸ ಯಾರೋ ಗೊತ್ತಿಲ್ಲ. ಸದ್ದು ಇದೆ, ಚಿತ್ರ ಇಲ್ಲ. ಮೇಲಿನಿಂದ ನೋಡುವವರಿಗೆ ಇಬ್ಬರೂ ಒಂದೇ, ಇಬ್ಬರೂ ಓದಿದರು. ಮೂರನೇ ತರಗತಿಯ ಪಾಠದಲ್ಲಿ ವಾಕ್ಯಗಳು ಉದ್ದವಾದಾಗ ಒಬ್ಬ ನಿಂತುಬಿಡುತ್ತಾನೆ. ಆಗ ‘ಓದು ಬರಲ್ಲ’ ಎನ್ನುತ್ತೇವೆ. ನಿಜಕ್ಕೂ ಬಾರದೆ ಉಳಿದದ್ದು ಅರ್ಥ. ಅದು ಬಾರದೆ ಉಳಿದದ್ದು ಮೂರನೇ ತರಗತಿಯಲ್ಲಲ್ಲ, ‘ರ ಗ ಸ ದ ಅ’ದ ಮೊದಲ ವಾರದಲ್ಲೇ.

ಮೇಲಾಗಿ ಕನ್ನಡದ ಲಿಪಿ ಸಮಯ ಬೇಡುತ್ತದೆ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಇಂಗ್ಲಿಷಿನ ಅಕ್ಷರಗಳು ಮೊದಲ ತರಗತಿಗಳಲ್ಲೇ ಮುಗಿದರೆ, ಕನ್ನಡದ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತಿರುತ್ತದೆ. ಅಷ್ಟು ವರ್ಷ ಮಗುವಿನ ಆಸಕ್ತಿಯನ್ನು ಹಿಡಿದಿಡುವುದು ಅರ್ಥವೊಂದೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಬೇಕು. ದಸರಾ ರಜೆಯ ಹೊತ್ತಿಗೆ ತೆಲುಗು ಮಗು ಮೈದಾನದಲ್ಲಿ ಕನ್ನಡ ಆಡುತ್ತದೆ. ಕನ್ನಡ ಬಂತು ಎಂದು ನಾವು ನಿಶ್ಚಿಂತರಾಗುತ್ತೇವೆ. ಕೆನಡಾದ ಜಿಮ್ ಕಮಿನ್ಸ್ ವಲಸಿಗ ಮಕ್ಕಳನ್ನು ನೋಡಿ ಸುಮಾರು ನಲವತ್ತೈದು ವರ್ಷಗಳ ಹಿಂದೆಯೇ ಎಚ್ಚರಿಸಿದ್ದರು: ಆಟದ ಮಾತು ಬರಲು ಎರಡು ವರ್ಷ ಸಾಕಾದರೆ, ಪಾಠದ ಮಾತು ಬರಲು ಐದರಿಂದ ಏಳು ವರ್ಷ ಬೇಕು. ‘ಬಾಲ್ ಕೊಡೋ’ ಎನ್ನುವುದಕ್ಕೂ ‘ಆವಿಯಾದ ನೀರು ತಂಪಾಗಿ ಮೋಡವಾಗುತ್ತದೆ’ ಎಂಬುದನ್ನು ಅರಗಿಸಿಕೊಳ್ಳುವುದಕ್ಕೂ ಅಷ್ಟು ಅಂತರ.

■ ಮದನಪಲ್ಲಿಯಿಂದ ಹೊರಟು ಸುತ್ತಿ ಬಂದ ಕಾರ್ಡು

ನಮ್ಮ ಸರ್ಕಾರಿ ಶಾಲೆಗಳ ‘ನಲಿ-ಕಲಿ’ ಪದ್ಧತಿಯ ಬೇರು ಶ್ರೀನಿವಾಸಪುರದ ಗಡಿಯಾಚೆಯ ತೆಲುಗು ಹಳ್ಳಿಗಳಲ್ಲಿದೆ. ಮದನಪಲ್ಲಿಯ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರ, ಒಬ್ಬರೇ ಶಿಕ್ಷಕರಿರುವ ಸಣ್ಣ ಶಾಲೆಗಳಿಗಾಗಿ ತೆಲುಗಿನಲ್ಲಿ ಕಲಿಕಾ ಕಾರ್ಡುಗಳನ್ನು, ಕಲಿಕೆಯ ಮೆಟ್ಟಿಲನ್ನು ರೂಪಿಸಿತ್ತು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಆರಂಭವಾಯಿತು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿ, ಕೋಲಾರಕ್ಕೂ ಕನ್ನಡವಾಗಿ ಬಂತು.

ಮೊದಲ ಟ್ರೈನಿಗೆ ಹೋದ ಅಮ್ಮ

ಮಾಲೂರು, ಟೇಕಲ್ ನಿಲ್ದಾಣಗಳಲ್ಲಿ ಬೆಳಗಿನ ಟ್ರೈನ್ ಹಿಡಿಯುವವರ ಗುಂಪು ನೋಡಿದವರಿಗೆ ಈ ಜಿಲ್ಲೆಯ ಮನೆಗಳ ಹೊಸ ರೂಪ ಗೊತ್ತಿರುತ್ತದೆ. ಊಟದ ಡಬ್ಬಿ ಹಿಡಿದು ಬೆಂಗಳೂರಿನ ಗಾರ್ಮೆಂಟ್ಸಿಗೆ, ಆಸ್ಪತ್ರೆಗೆ, ಅಪಾರ್ಟ್‌ಮೆಂಟಿನ ಕೆಲಸಕ್ಕೆ ಹೋಗುವ ಹೆಂಗಸರು. ನರಸಾಪುರದ ಕಡೆ ಕಂಪನಿ ಬಸ್ಸುಗಳು. ಮಗು ಏಳುವ ಮೊದಲೇ ಅಮ್ಮ ಹೊರಟಿರುತ್ತಾಳೆ, ಮಲಗುವ ಹೊತ್ತಿಗೆ ಬರುತ್ತಾಳೆ. ಹಗಲೆಲ್ಲ ಮಗುವಿನ ಮಾತು ಅವ್ವನ (ಅಜ್ಜಿಯ) ಮಾತು, ಅಂದರೆ ಮನೆಯಲ್ಲಿ ಅತ್ಯಂತ ಹಳೆಯ ತೆಲುಗು ಯಾರದೋ ಅವರದು.

ಇದು ಕೊರತೆಯಲ್ಲ. ಅವ್ವನ ಬಾಯಲ್ಲಿ ಕಥೆ ಇದೆ, ಒಗಟಿದೆ, ಗಾದೆಯಿದೆ, ನೆಂಟರ ಜಗಳದ ಪೂರ್ತಿ ವರದಿ ಇದೆ. 1995ರಲ್ಲಿ ಅಮೆರಿಕದ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ 42 ಸಂಸಾರಗಳನ್ನು ಗಮನಿಸಿ, ಬಡ ಮನೆಯ ಮಕ್ಕಳು ಕೇಳುವ ಮಾತು ಕೋಟಿಗಟ್ಟಲೆ ಕಡಿಮೆ ಎಂದು ಬರೆದರು. ಆ ಮಾತು ಜಗತ್ತೆಲ್ಲ ಸುತ್ತಿತು. ಆಮೇಲಿನವರು ಒಂದು ಸರಳ ಪ್ರಶ್ನೆ ಕೇಳಿದರು: ತಾಯಿ ಮಗುವನ್ನೇ ಉದ್ದೇಶಿಸಿ ಆಡಿದ್ದನ್ನು ಮಾತ್ರ ಎಣಿಸಿದರೆ ಅಜ್ಜಿ, ಅಕ್ಕ, ಪಕ್ಕದ ಮನೆಯವರು ಸುತ್ತ ಕೂತು ಆಡಿದ್ದು ಎಲ್ಲಿ ಹೋಯಿತು? ಜಗಲಿಯೇ ಮನೆಯಾಗಿರುವ ನಮ್ಮ ಊರುಗಳಿಗೆ ಈ ಪ್ರಶ್ನೆ ಇನ್ನೂ ಹೆಚ್ಚು ಸಲ್ಲುತ್ತದೆ.

ನನ್ನ ಭಯ ಬೇರೆ. ಅವ್ವನ ಕೈಗೂ ಈಗ ಮೊಬೈಲ್ ಬಂದಿದೆ. ಊಟ ಮಾಡಿಸಲು ಒಂದು ವಿಡಿಯೊ, ಅಳು ನಿಲ್ಲಿಸಲು ಇನ್ನೊಂದು. ಅದರಲ್ಲಿ ಇಂಗ್ಲಿಷ್ ರೈಮ್ಸ್ ಬರುತ್ತದಲ್ಲ, ಕಲಿಯಲಿ ಎಂಬ ಸಮಾಧಾನ ಬೇರೆ. 2003ರಲ್ಲಿ ಪೆಟ್ರೀಷಿಯಾ ಕೂಲ್ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಟವಾಡಿಸುತ್ತ ಮಾತಾಡಿದವರಿಂದ 12 ಸಲದಲ್ಲಿ ಕೂಸುಗಳು ಆ ಭಾಷೆಯ ಸದ್ದುಗಳನ್ನು ಹಿಡಿದವು. ಅದೇ ಮಾತನ್ನು ಪರದೆಯ ಮೇಲೆ ತೋರಿಸಿದಾಗ ಏನೂ ಕಲಿಯಲಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಅದಕ್ಕೂ ಚಿಕ್ಕವರಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅವ್ವನ ತೆಲುಗು ಕಥೆ ಮಗುವಿನ ಕನ್ನಡಕ್ಕೆ ಮಾಡುವ ಉಪಕಾರವನ್ನು ಆ ವಿಡಿಯೊ ಇಂಗ್ಲಿಷಿಗೂ ಮಾಡುವುದಿಲ್ಲ. ಕಥೆ ಕೇಳಿದ ಮಗುವಿಗೆ ‘ಆಮೇಲೆ’, ‘ಆದ್ದರಿಂದ’, ‘ಇಲ್ಲದಿದ್ದರೆ’ ಎಂಬ ಯೋಚನೆಯ ಜೋಡಣೆ ಬಂದಿರುತ್ತದೆ. ಅದು ಯಾವ ಭಾಷೆಗಾದರೂ ದಾಟುತ್ತದೆ.

ಹಾಗಾದರೆ ಇಂಗ್ಲಿಷ್? ಹಳದಿ ವ್ಯಾನು ಈಗ ಚಿಕ್ಕ ಊರುಗಳಿಗೂ ಬರುತ್ತದೆ. ಮೂರು ವರ್ಷಕ್ಕೆ ಎಲ್‌ಕೆಜಿ, ಟೈ, ಷೂ. ಅಪ್ಪ ಅಮ್ಮ ಸಾಲ ಮಾಡಿ ಫೀಸು ಕಟ್ಟುತ್ತಾರೆ. ಅವರನ್ನು ದೂರಲು ನನಗೆ ಬಾಯಿಲ್ಲ. ನರಸಾಪುರದ ಕಾರ್ಖಾನೆಯ ಗೇಟಿನಲ್ಲಿ ಯಾವ ಭಾಷೆಗೆ ಎಷ್ಟು ಸಂಬಳ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು ಕರ್ನಾಟಕದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2014ರ ಮೇ 6ರಂದು ತೀರ್ಪು ಕೊಟ್ಟಿದೆ. ಆಯ್ಕೆ ಅಪ್ಪ ಅಮ್ಮನದು. ಅವರಿಗೆ ಹೇಳಬೇಕಾದದ್ದು ಒಂದೇ: ತೆಲುಗಿನಲ್ಲಿ ಯೋಚಿಸುವ ಮಗುವಿನ ಮೇಲೆ ಕನ್ನಡವೂ ಗಟ್ಟಿಯಾಗುವ ಮೊದಲು ಇಂಗ್ಲಿಷ್ ಹೇರಿದರೆ ರೈಮ್ಸ್ ಬರುತ್ತದೆ, ಮಾತು ಬರುವುದಿಲ್ಲ. ಇಂಗ್ಲಿಷ್ ಶಾಲೆಗೆ ಹಾಕಿದವರು ಮನೆಯಲ್ಲಾದರೂ ತೆಲುಗನ್ನೋ ಉರ್ದುವನ್ನೋ ಬಿಡಬಾರದು. ಅರೆಬರೆ ಇಂಗ್ಲಿಷಿನಲ್ಲಿ ಮಗುವಿನೊಂದಿಗೆ ಮಾತಾಡುವ ತಾಯಿಗೆ ಹೇಳಬೇಕಾದದ್ದರ ಹತ್ತರಲ್ಲಿ ಒಂದೂ ಹೇಳಲಾಗುವುದಿಲ್ಲ. ಬಡವಾಗುವುದು ಮಗುವಿನ ಪದ.

■ ಯಾವಾಗ ವೈದ್ಯರಿಗೆ ತೋರಿಸಬೇಕು?

ಎರಡು ಭಾಷೆಯ ಮನೆ ಎಂಬುದು ಮಾತು ತಡವಾಗಲು ಕಾರಣವಲ್ಲ. ಹೊಸ ಶಾಲೆಯಲ್ಲಿ ಕೆಲವು ವಾರ, ಕೆಲವೊಮ್ಮೆ ತಿಂಗಳು, ಮಗು ಸುಮ್ಮನೆ ಕೇಳಿಸಿಕೊಳ್ಳುತ್ತ ಕೂರುವುದೂ ಸಹಜ. ಮನೆಯಲ್ಲಿ ಅದು ಚೆನ್ನಾಗಿ ಮಾತಾಡುತ್ತಿದ್ದರೆ ಗಾಬರಿ ಬೇಡ. ಆದರೆ ಒಂದೂವರೆ ವರ್ಷವಾದರೂ ಯಾವ ಭಾಷೆಯಲ್ಲೂ ಒಂದು ಪದವಿಲ್ಲದಿದ್ದರೆ, ಎರಡು ತುಂಬಿದರೂ ಎರಡು ಪದ ಜೋಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ಕಾಯಬಾರದು. ಮೊದಲು ಕಿವಿ ಪರೀಕ್ಷೆ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ಆರೋಗ್ಯ ತಂಡಕ್ಕೆ ತೋರಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಅಲ್ಲಿ ಮನೆಯ ಭಾಷೆ ಯಾವುದು ಎಂದು ತಪ್ಪದೆ ಹೇಳಬೇಕು.

ಆರು ತುಂಬಿದರೆ ಸಾಕೇ?

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೇ ಎಂಬ ಚರ್ಚೆ ನಮ್ಮಲ್ಲಿ ಜೋರಾಗಿ ನಡೆದಿದೆ. ಸರ್ಕಾರ ನಿಯಮ ತಂದಿತು, ಪೋಷಕರು ಹುಯ್ಯಲಿಟ್ಟರು, 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ತಿಂಗಳ ಲೆಕ್ಕಕ್ಕೆ ನಾವು ಮಾಡಿದ ಗದ್ದಲದ ಕಾಲುಭಾಗವನ್ನು ಮಗುವಿನ ಮಾತಿನ ಲೆಕ್ಕಕ್ಕೆ ಮಾಡಿದ್ದರೆ! ಯುನಿಸೆಫ್ ಶಾಲಾ ಸಿದ್ಧತೆಯನ್ನು ಮೂರು ಭಾಗ ಮಾಡಿ ಹೇಳುತ್ತದೆ: ಮಗು ಸಿದ್ಧ, ಮನೆ ಸಿದ್ಧ, ಶಾಲೆ ಸಿದ್ಧ. ಮೊದಲನೆಯದನ್ನು ಅಳೆಯಲು ನಮ್ಮಲ್ಲಿ ಹಾಳೆಗಳಿವೆ. ಮೂರನೆಯದನ್ನು ಯಾರೂ ಅಳೆಯುವುದಿಲ್ಲ.

ಕಾನೂನು, ನೀತಿಗಳಿಗೆ ಬರವಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಕಲಿಕೆಯ ಭಾಷೆ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಾಗಿರಲಿ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮನೆಮಾತಿಗೆ ದೊಡ್ಡ ಜಾಗ ಕೊಟ್ಟಿದೆ. 2021ರಲ್ಲಿ ಬಂದ ‘ವಿದ್ಯಾ ಪ್ರವೇಶ’ ಒಂದನೇ ತರಗತಿಯ ಮೊದಲ ಮೂರು ತಿಂಗಳನ್ನು ಆಟ, ಮಾತು, ಕಥೆಗೆ ಬಿಟ್ಟುಕೊಡುತ್ತದೆ. ಆ ಮೂರು ತಿಂಗಳಲ್ಲಿ ಯಾರ ಮಾತು ನಡೆಯಬೇಕು ಎಂಬುದನ್ನು ತರಗತಿಯಲ್ಲಿ ನಿಂತವರೇ ತೀರ್ಮಾನಿಸಬೇಕು.

ಈ ಜಿಲ್ಲೆಯ ಬಲ ಇರುವುದು ಇಲ್ಲಿ. ಅಂಗನವಾಡಿಗಳನ್ನು ನಡೆಸುವ, ಐವತ್ತು ವರ್ಷ ದಾಟಿದ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಒಂದು ಒಳ್ಳೆಯ ಕೆಲಸ ಮಾಡಿತು, ಅಂಗನವಾಡಿ ಕಾರ್ಯಕರ್ತೆ ಅದೇ ಊರಿನವಳಾಗಿರಬೇಕು ಎಂದಿತು. ಅಂದರೆ ಗಡಿ ಊರಿನ ಅಂಗನವಾಡಿ ಟೀಚರಿಗೆ ತೆಲುಗು ಬರುತ್ತದೆ. ಅವರು ತಮ್ಮ ಮಗುವನ್ನು ಬೈಯುವುದು, ಮುದ್ದಿಸುವುದು ತೆಲುಗಿನಲ್ಲೇ. ಅಂಗನವಾಡಿಯ ಹೊಸ್ತಿಲು ದಾಟಿದ ಕೂಡಲೇ, ಮೇಲ್ವಿಚಾರಕಿ ಬಂದಾರೆಂಬ ಹೆದರಿಕೆಗೆ, ಅದನ್ನು ಅಡಗಿಸಿಡುತ್ತಾರೆ. ಬೇರೆ ರಾಜ್ಯಗಳು ಬುಡಕಟ್ಟು ಭಾಷೆ ಬಲ್ಲ ಶಿಕ್ಷಕರಿಗಾಗಿ ಹುಡುಕಾಡುತ್ತವೆ. ನಮ್ಮಲ್ಲಿ ಊರೂರಿಗೂ ಒಬ್ಬರು ಇದ್ದಾರೆ. ಮೇಲಿನಿಂದ ಅವರಿಗೆ ಬೇಕಾದದ್ದು ಒಂದೇ ಮಾತು: ‘ಮೊದಲು ಮಗುವಿನ ಮಾತಿನಲ್ಲಿ ಕೇಳಿ, ಆಮೇಲೆ ಕನ್ನಡದಲ್ಲಿ ಹೇಳಿ.’

ಒಂದನೇ ತರಗತಿಯ ಶಿಕ್ಷಕರ ಪಾಡು ಬೇರೆ. ಎಷ್ಟೋ ಜನ ದೂರದ ಜಿಲ್ಲೆಗಳಿಂದ ನೇಮಕವಾಗಿ ಬಂದವರು, ಅವರಿಗೆ ತೆಲುಗಿನ ಒಂದು ಪದವೂ ಬಾರದಿರಬಹುದು. ಮಾಲೂರಿನ ಇಟ್ಟಿಗೆ ಗೂಡಿನ ಪಕ್ಕದ ಶಾಲೆಗೆ ಬರುವ ಒಡಿಯಾ, ಹಿಂದಿ ಮಕ್ಕಳ ಮಾತು ಊರಿನಲ್ಲೇ ಯಾರಿಗೂ ಬಾರದು. ಅಲ್ಲಿ ದೊಡ್ಡ ತರಗತಿಯ ಅಕ್ಕ, ಅಣ್ಣಂದಿರೇ ದುಭಾಷಿಗಳು. ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಕೂರುತ್ತವೆ, ಗೆಳೆಯರ ನೆರವಿನಿಂದಲೇ ಕಲಿಯುವ ‘ತಟ್ಟೆ’ ಎಂಬ ಗುಂಪೂ ಅದರಲ್ಲಿದೆ. ವ್ಯವಸ್ಥೆ ಆಗಲೇ ಇದೆ. ಆ ತಟ್ಟೆಯಲ್ಲಿ ತೆಲುಗು, ಉರ್ದು ಕೇಳಿಸಿದರೆ ‘ಗಲಾಟೆ’ ಎಂದು ನಿಲ್ಲಿಸದಿದ್ದರೆ ಸಾಕು.

ಇನ್ನೊಂದು ಸಣ್ಣ ಕೆಲಸ ಈ ಜೂನಿನಲ್ಲೇ ಆಗಬಹುದು. ಮಗು ಅಂಗನವಾಡಿ ಬಿಟ್ಟು ಶಾಲೆ ಸೇರುವಾಗ ಅದರ ತೂಕ, ಎತ್ತರ, ಲಸಿಕೆ ಎಲ್ಲವೂ ದಾಖಲಾಗಿರುತ್ತವೆ. ಆ ದಾಖಲೆಯ ಜತೆ ಒಂದು ಹಾಳೆ ಹೋಗಲಿ. ಮನೆಯಲ್ಲಿ ಯಾರು ಯಾವ ಭಾಷೆ ಆಡುತ್ತಾರೆ, ಹಗಲು ಮಗು ಯಾರ ಬಳಿ ಇರುತ್ತದೆ, ಮಗು ಹೇಳಬಲ್ಲ ಕಥೆ ಯಾವುದು, ಎಷ್ಟರವರೆಗೆ ಎಣಿಸುತ್ತದೆ, ಯಾವ ಭಾಷೆಯಲ್ಲಿ. ಅದೇ ಹಾಳೆಯಲ್ಲಿ ಎರಡು ಸಾಲು: ಮನೆಯ ಪದ ಒಂದರಲ್ಲಿ, ಶಾಲೆಯ ಪದ ಇನ್ನೊಂದರಲ್ಲಿ. ದೂರದ ಜಿಲ್ಲೆಯಿಂದ ಬಂದ ಮೇಷ್ಟ್ರಿಗೆ ಅದು ಮೊದಲ ತೆಲುಗು ಪಾಠವೂ ಆಗುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆ ಬೇಡ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು. ಬಹಳ ಊರುಗಳಲ್ಲಿ ಎರಡಕ್ಕೂ ಒಂದೇ ಕಾಂಪೌಂಡು. ಈ ಕೊಠಡಿಯ ಟೀಚರು ಆ ಕೊಠಡಿಯ ಮೇಷ್ಟ್ರ ಜತೆ ವರ್ಷಕ್ಕೊಮ್ಮೆ ಅರ್ಧ ದಿನ ಕೂತು, ಬರುವ ಪ್ರತಿ ಮಗುವಿನ ಬಗ್ಗೆ ಮಾತಾಡುವಂತೆ ಒಂದು ಸುತ್ತೋಲೆ ಹೊರಟರೆ ಆಯಿತು.